ವಿನೋಬನಗರದ ಹಳೇ ಮನೆಗೆ ಒಂಬತ್ತು ಲಕ್ಷ ಹಾಕುವುದಾದರೆ ಎಲ್ಲಿ ಹಾಕಬೇಕು?

ವಿನೋಬನಗರ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಹಳೇ ಮನೆ ರಿಪೇರಿ ಮಾಡಿಸಿದವರು, ಮಾಡಿಸಿ ಮಾರಿದವರು ಇದ್ದರೆ ದಯವಿಟ್ಟು ಸ್ವಲ್ಪ ದಾರಿ ತೋರಿಸಿ. ನಮ್ಮನೆಯಲ್ಲಿ ಇರುವುದು ಮೂರು ಜನ, ಯೋಚನೆಗಳು ನಾಲ್ಕು.

ಮನೆ ಇರುವುದು ವಿನೋಬನಗರದಲ್ಲಿ. 30-40 ಸೈಟು, ಪೂರ್ವದ ಬಾಗಿಲು. ನಮ್ಮ ಮಾವನವರು ಕಾಟನ್ ಮಿಲ್ಲಿನಲ್ಲಿ ಇದ್ದಾಗ 1985ರಲ್ಲಿ ಕಟ್ಟಿಸಿದ್ದು. ಎಂಟು ಚದರ, ಅಂದರೆ 800 ಚದರಡಿ. ಸೈಜುಗಲ್ಲಿನ ಪಾಯ, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಮೇಲೆ ಕಾಂಕ್ರೀಟ್ ಮೋಲ್ಡ್. ಹಾಲಿಗೆ ರೆಡ್ ಆಕ್ಸೈಡ್ ನೆಲ, ಎರಡು ರೂಮಿಗೆ ಮೊಸಾಯಿಕ್. ಅಡುಗೆಮನೆಗೆ ಕಡಪಾ ಕಲ್ಲಿನ ಕಟ್ಟೆ. ಬಚ್ಚಲು, ಟಾಯ್ಲೆಟ್ ಎರಡೂ ಹಿತ್ತಲಲ್ಲಿ. ರಾತ್ರಿ ಎದ್ದರೆ ಹಿಂದಿನ ಬಾಗಿಲಿನ ಚಿಲಕ ತೆಗೆದು ಎರಡು ಮೆಟ್ಟಿಲು ಇಳಿದು ಹೋಗಬೇಕು. ಮಂಡಿನೋವು ಶುರುವಾದ ಮೇಲೆ ನನಗೆ ಅದೇ ದೊಡ್ಡ ಕೆಲಸವಾಗಿದೆ.

ಈಗ ಇರುವ ತೊಂದರೆ ಹೇಳುತ್ತೇನೆ. ಹಿಂದಿನ ರೂಮಿನ ಮೋಲ್ಡ್ ಮಳೆಗಾಲದಲ್ಲಿ ಸೋರುತ್ತದೆ. ಒಂದು ಕಡೆ ಸಿಮೆಂಟು ಹಪ್ಪಳದ ಹಾಗೆ ಎದ್ದು ಉದುರಿ, ಒಳಗಿನ ಕಬ್ಬಿಣ ಕಾಣುತ್ತಿದೆ. ಅದರ ಕೆಳಗೆ ಮಂಚ ಹಾಕುವುದನ್ನು ಬಿಟ್ಟಿದ್ದೇವೆ. ದಕ್ಷಿಣದ ಗೋಡೆಯಲ್ಲಿ ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಒಂದು ಬಿರುಕು ಇಳಿದಿದೆ. ಪ್ರತಿ ಸಲ ಬಣ್ಣ ಹೊಡೆಸುವಾಗ ಪುಟ್ಟಿ ತುಂಬಿಸುತ್ತೇವೆ, ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ವೈರಿಂಗ್ ಮಾವನವರ ಕಾಲದ್ದೇ. ಗೀಜರ್ ಹಾಕಿ ಮಿಕ್ಸಿ ತಿರುಗಿಸಿದರೆ ಫ್ಯೂಸ್ ಹೋಗುತ್ತದೆ. ಸಂಪು ಚಿಕ್ಕದು, ಸುಮಾರು ಎರಡೂವರೆ ಸಾವಿರ ಲೀಟರ್ ಹಿಡಿಯಬಹುದು. ನಲ್ಲಿ ನೀರು ದಿನಾ ಬರುವುದಿಲ್ಲವಲ್ಲ, ನೆಂಟರು ಬಂದರೆ ಟ್ಯಾಂಕರ್ ಕರೆಸುತ್ತೇವೆ.

ನನ್ನ ಉಳಿತಾಯ ಐದು ಲಕ್ಷ ಇದೆ. ಇನ್ನು ನಾಲ್ಕು ಲಕ್ಷ ಸಾಲ ಮಾಡಬಹುದು. ಒಟ್ಟು ಒಂಬತ್ತು, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಆಗಬಾರದು.

ನಮ್ಮವರಿಗೆ ಮಾಡ್ಯುಲರ್ ಕಿಚನ್ ಮತ್ತು ಹಾಲಿಗೆ ಪಿಒಪಿ ಸೀಲಿಂಗ್ ಬೇಕು. ಅವರ ಸ್ನೇಹಿತರು ಎಸ್.ಎಸ್. ಲೇಔಟಿನಲ್ಲಿ ಹೊಸ ಮನೆ ಕಟ್ಟಿಸಿದ್ದಾರೆ, ಗೃಹಪ್ರವೇಶಕ್ಕೆ ಹೋಗಿ ಬಂದಾಗಿನಿಂದ ಇದೇ ಮಾತು. ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಅಮ್ಮಾ, ಮೇಲೆ ಒಂದು ಮನೆ ಎತ್ತಿಸಿಬಿಡಿ, ಕಾಲೇಜು ಹುಡುಗರಿಗೆ ಬಾಡಿಗೆ ಕೊಡಬಹುದು" ಅನ್ನುತ್ತಾನೆ. ನನಗೆ ಮೊದಲು ಬೇಕಾಗಿರುವುದು ಒಳಗೊಂದು ಟಾಯ್ಲೆಟ್. ನಾಲ್ಕನೇ ಯೋಚನೆ ಪಕ್ಕದ ಮನೆಯವರದು, ಸೋಲಾರ್ ಹಾಕಿಸಿ ಅಂತ.

ಇನ್ನೊಂದು ವಿಷಯ. ನಾನು ರಿಟೈರ್ ಆದ ಮೇಲೆ ಶಿವಮೊಗ್ಗದ ಮಗಳ ಮನೆ ಹತ್ತಿರ ಹೋಗುವ ಆಲೋಚನೆ ಇದೆ. ನಾಲ್ಕೈದು ವರ್ಷದಲ್ಲಿ ಈ ಮನೆ ಮಾರಬಹುದು. ಹಾಗಾಗಿ ಹಾಕಿದ ದುಡ್ಡು ಸ್ವಲ್ಪವಾದರೂ ವಾಪಸ್ ಬರಬೇಕು, ಅಷ್ಟು ದಿನ ನಾವು ನೆಮ್ಮದಿಯಾಗಿಯೂ ಇರಬೇಕು. ಏನು ಮಾಡಿಸಲಿ? ಯಾವುದನ್ನು ಬಿಡಲಿ?

ಖಾಲಿದೋಸೆ:

ಟೀಚರಮ್ಮ, ಏನೂ ಮಾಡಿಸಬೇಡಿ. ವಿನೋಬನಗರದಲ್ಲಿ ಕೊಳ್ಳುವವರು ಸೈಟಿನ ರೇಟು ನೋಡುತ್ತಾರೆ, ಮನೆ ಒಡೆದು ಹೊಸದು ಕಟ್ಟುತ್ತಾರೆ. ಸುಣ್ಣ ಬಣ್ಣ ಮಾಡಿಸಿ ಇಟ್ಟುಬಿಡಿ. ಒಂಬತ್ತು ಲಕ್ಷವನ್ನು ಎಫ್‌ಡಿ ಮಾಡಿ.

ಹಳೇ ಟೇಪು:

ಖಾಲಿದೋಸೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಆದರೆ ಕಬ್ಬಿಣ ಕಾಣುವ ಮೋಲ್ಡ್ ಕೆಳಗೆ ನಾಲ್ಕೈದು ವರ್ಷ ಇರುವವರು ಟೀಚರ್, ನೀವಲ್ಲ.

ನಾನು ಸಿವಿಲ್ ಇಂಜಿನಿಯರ್. ಇದೇ ಊರಿನಲ್ಲಿ ಮನೆ ಕಟ್ಟಿಸಿದ್ದೇನೆ, ಬ್ಯಾಂಕುಗಳಿಗೆ ವ್ಯಾಲ್ಯುಯೇಶನ್ ರಿಪೋರ್ಟನ್ನೂ ಬರೆದಿದ್ದೇನೆ. ಮೇಡಂ, ಮೊದಲು ನಾವು ಬೆಲೆ ಹೇಗೆ ಕಟ್ಟುತ್ತೇವೆ ಅಂತ ಕೇಳಿ. ಆಮೇಲೆ ನಿಮ್ಮ ಯಜಮಾನರ ಜೊತೆ ಮಾತಾಡುವುದು ಸುಲಭ ಆಗುತ್ತದೆ.

ಜಾಗಕ್ಕೆ ಒಂದು ಬೆಲೆ, ಕಟ್ಟಡಕ್ಕೆ ಒಂದು ಬೆಲೆ. ಜಾಗದ್ದು ಏರುತ್ತದೆ, ಕಟ್ಟಡದ್ದು ವರ್ಷ ವರ್ಷ ಇಳಿಯುತ್ತದೆ. ಮೋಲ್ಡ್ ಮನೆಗೆ ಸಾಮಾನ್ಯವಾಗಿ 60 ವರ್ಷ ಆಯಸ್ಸು ಹಿಡಿಯುತ್ತೇವೆ, ಕೊನೆಗೆ ಹಳೇ ಸಾಮಾನಿನ ಬೆಲೆ ಅಂತ ನೂರಕ್ಕೆ ಹತ್ತು ಉಳಿಸುತ್ತೇವೆ. ನಿಮ್ಮ ಎಂಟು ಚದರವನ್ನು ಇವತ್ತು ಹೊಸದಾಗಿ ಕಟ್ಟಲು ಚದರಕ್ಕೆ ಎರಡು ಲಕ್ಷದಂತೆ 16 ಲಕ್ಷ ಅಂದುಕೊಳ್ಳಿ. 40 ವರ್ಷ ಕಳೆದಿದೆ. 60 ವರ್ಷಕ್ಕೆ ನೂರಕ್ಕೆ 90 ಅಂದರೆ 40 ವರ್ಷಕ್ಕೆ ನೂರಕ್ಕೆ 60 ಸವಕಳಿ ಹೋಯಿತು. ಉಳಿದದ್ದು ಆರು ಲಕ್ಷ ನಲವತ್ತು ಸಾವಿರ. ಇಡೀ ಮನೆಗೇ ಇಷ್ಟು. ಅದರೊಳಗೆ ನೀವು ಮೂರು ಲಕ್ಷದ ಕಿಚನ್ ಕೂರಿಸಿದರೆ ನನ್ನ ರಿಪೋರ್ಟಿನಲ್ಲಿ ಅದಕ್ಕೆ ಎಷ್ಟು ಬರೆಯಲಿ? ನಾಲ್ಕು ವರ್ಷ ಒಗ್ಗರಣೆ ಹೊಗೆ ಕುಡಿದ ಪ್ಲೈವುಡ್ಡಿಗೆ ಯಾರೂ ಮೂರು ಲಕ್ಷ ಕೊಡುವುದಿಲ್ಲ. ಪಿಒಪಿ ಸೀಲಿಂಗ್ ಅಂತೂ ನಿಮ್ಮ ಮನೆಗೆ ಬೇಡವೇ ಬೇಡ. ಸೋರುವ ಮೋಲ್ಡನ್ನು ಅದು ಮುಚ್ಚಿಬಿಡುತ್ತದೆ, ಸೋರಿಕೆ ಹೆಚ್ಚಾದದ್ದು ಪಿಒಪಿ ಕಿತ್ತು ಬಿದ್ದಾಗಲೇ ಗೊತ್ತಾಗುವುದು.

ಹಾಗಾದರೆ ಹಳೇ ಮನೆಗೆ ಹಾಕಿದ ದುಡ್ಡು ಎಲ್ಲಿ ವಾಪಸ್ ಬರುತ್ತದೆ? ಚೌಕಾಸಿಯಲ್ಲಿ. ಕೊಳ್ಳುವವರು ಮನೆ ನೋಡಲು ಬರುವಾಗ ಜೊತೆಗೆ ಒಬ್ಬ ಮೇಸ್ತ್ರಿಯನ್ನೋ ಭಾವಮೈದುನನನ್ನೋ ಕರೆತರುತ್ತಾರೆ. ಅವನ ಕೆಲಸ ತಪ್ಪು ಹುಡುಕುವುದು. ತಲೆ ಎತ್ತಿ ಮೋಲ್ಡ್ ನೋಡುತ್ತಾನೆ, ಗೋಡೆ ಮೂಲೆ ತಟ್ಟುತ್ತಾನೆ, ಸಂಪಿನ ಮುಚ್ಚಳ ತೆಗೆಸುತ್ತಾನೆ, ಖಾತೆ ಯಾರ ಹೆಸರಲ್ಲಿದೆ ಅಂತ ಕೇಳುತ್ತಾನೆ. ಲಕ್ಷ ರೂಪಾಯಿಯ ರಿಪೇರಿ ತೋರಿಸಿ ನಾಲ್ಕು ಲಕ್ಷ ಕಡಿಮೆ ಮಾಡಿಸುತ್ತಾನೆ. ಅವನ ಕೈಗೆ ಸಿಗುವ ನೆಪಗಳನ್ನು ಈಗಲೇ ತೆಗೆದುಬಿಡಿ. ಆ ನೆಪಗಳೇ ನಿಮ್ಮನ್ನೂ ಕಾಡುತ್ತಿರುವುದು, ಹಾಗಾಗಿ ಎರಡೂ ಕೆಲಸ ಒಂದೇ ಖರ್ಚಿನಲ್ಲಿ ಆಗುತ್ತದೆ.

ಮೋಲ್ಡಿನಿಂದ ಶುರು ಮಾಡಿ. ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿದು ಹೋಗುವವರನ್ನು ಗೇಟಿನಲ್ಲೇ ಕಳಿಸಿ. ಕೆಲಸ ಎರಡು ಕಡೆಯಿಂದ ಆಗಬೇಕು. ಒಳಗಡೆ ಸಡಿಲವಾದ ಸಿಮೆಂಟನ್ನೆಲ್ಲ ಕಬ್ಬಿಣದ ಹಿಂಬದಿ ಕಾಣುವ ತನಕ ಕೆತ್ತಿ ತೆಗೆಯಬೇಕು. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಬೇಕು. ಕಂಬಿ ತೀರಾ ಸವೆದಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಕಟ್ಟಬೇಕು. ಮೇಲೆ ತುಕ್ಕು ತಡೆಯುವ ಕೋಟಿಂಗ್, ಆಮೇಲೆ ಪಾಲಿಮರ್ ಬೆರೆಸಿದ ಗಾರೆ. ಬರೀ ಸಿಮೆಂಟು ಮರಳು ಮೆತ್ತಿದರೆ ಮುಂದಿನ ಮಳೆಗೆ ಅದು ಮಂಚದ ಮೇಲೆ ಇರುತ್ತದೆ. ತಾರಸಿಯ ಮೇಲೆ ಹಳೇ ಸುರ್ಕಿ ಗಾರೆ ಕಿತ್ತು, ನೀರು ಹರಿಯುವ ವಾಟ (ಇಳಿಜಾರು) ಸರಿಯಾಗಿ ಕೊಡಿಸಿ. ಎಂಟು ಅಡಿಗೆ ಒಂದು ಇಂಚು ಇಳಿದರೆ ಸಾಕು. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯನ್ನು ಗುಂಡಗೆ ತೀಡಿಸಿ, ನೀರು ನುಗ್ಗುವುದು ಜಾಸ್ತಿ ಅಲ್ಲಿಂದಲೇ. ಕೆಲಸ ಮುಗಿದ ಮೇಲೆ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ ಎರಡು ದಿನ ನೀರು ಕಟ್ಟಿ ನಿಲ್ಲಿಸಿ. ಕೆಳಗೆ ಒದ್ದೆ ಕಾಣದಿದ್ದರೆ ಮಾತ್ರ ಕೊನೆಯ ಕಂತು.

ಓರೆ ಬಿರುಕಿನ ಬಗ್ಗೆ. ಬೇಸಿಗೆಗೆ ಬಾಯಿ ಬಿಡುತ್ತದೆ ಅಂದಿರಲ್ಲ, ಅದು ಎರೆಮಣ್ಣಿನ ಗುಣ ಇರಬಹುದು. ನಮ್ಮ ಸುತ್ತಮುತ್ತ ಎರೆ ನೆಲ ಬೇಕಾದಷ್ಟಿದೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಪಾಯ ಅದರ ಜೊತೆ ಅಲ್ಲಾಡುತ್ತದೆ. ಪುಟ್ಟಿ ತುಂಬುವುದು ನಿಲ್ಲಿಸಿ. ಬಿರುಕಿನ ಎರಡೂ ತುದಿಯಲ್ಲಿ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಗೆರೆ ದಾಟಿ ಬೆಳೆಯುತ್ತಿದ್ದರೆ ಇಂಜಿನಿಯರಿಗೆ ತೋರಿಸಲೇಬೇಕು. ಅಷ್ಟರಲ್ಲಿ ಆ ಗೋಡೆಯ ಪಕ್ಕ ಬಚ್ಚಲ ನೀರಿನ ಪೈಪು ಸೋರುತ್ತಿದೆಯಾ, ಗಿಡಕ್ಕೆ ಅಂತ ದಿನಾ ನೀರು ಸುರಿಯುತ್ತಿದ್ದೀರಾ ನೋಡಿ. ಮನೆ ಸುತ್ತ ಮೂರು ಅಡಿ ಅಗಲದ ಕಾಂಕ್ರೀಟ್ ಪಟ್ಟಿ, ಹೊರಕ್ಕೆ ವಾಟ ಕೊಟ್ಟು ಹಾಕಿಸಿದರೆ ಪಾಯದ ಮಣ್ಣು ಒಂದೇ ಹದದಲ್ಲಿ ಇರುತ್ತದೆ. ಜಾಗ ಕಮ್ಮಿ ಇದ್ದರೆ ಎಷ್ಟು ಸಿಗುತ್ತದೋ ಅಷ್ಟು.

ವೈರಿಂಗ್ ಪೂರ್ತಿ ಬದಲಿಸಿ, ಅರ್ಧ ಮರ್ಧ ಬೇಡ. ದೀಪ, ಫ್ಯಾನಿಗೆ ಒಂದೂವರೆ ಎಂಎಂ, ಪ್ಲಗ್ಗುಗಳಿಗೆ ಎರಡೂವರೆ, ಗೀಜರಿಗೆ ನಾಲ್ಕು. ಫ್ಯೂಸ್ ಬೋರ್ಡು ತೆಗೆದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಹಾಕಿಸಿ, ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಬಚ್ಚಲಲ್ಲಿ ಶಾಕ್ ಹೊಡೆದರೆ ಪ್ರಾಣ ಉಳಿಸುವುದು ಅದೇ. ಅರ್ಥಿಂಗ್ ಇದೆಯಾ ಅಂತ ನೋಡಿಸಿ. ಆ ಕಾಲದ ಎಷ್ಟೋ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇರುತ್ತದೆ, ಮೂರನೇ ತೂತಿಗೆ ವೈರೇ ಇರುವುದಿಲ್ಲ!

ಒಳಗಿನ ಟಾಯ್ಲೆಟ್ಟನ್ನು ಕಣ್ಣು ಮುಚ್ಚಿ ಮಾಡಿಸಿ. ಹಿತ್ತಲಿಗೆ ಹೋಗಬೇಕಾದ ಮನೆಯನ್ನು ಈಗಿನ ಗಂಡ ಹೆಂಡತಿ ಯಾರೂ ಕೊಳ್ಳುವುದಿಲ್ಲ, ಬಾಡಿಗೆಗೂ ಬರುವುದಿಲ್ಲ. ಹಿತ್ತಲ ಪೈಪಿಗೆ ಹತ್ತಿರವಾದ ರೂಮಿನ ಮೂಲೆಯಲ್ಲಿ ನಾಲ್ಕು ಅಡಿಗೆ ಏಳು ಅಡಿ ಸಿಕ್ಕರೆ ವೆಸ್ಟರ್ನ್ ಕಮೋಡ್, ಶವರ್ ಎರಡೂ ಹಿಡಿಯುತ್ತದೆ. ಮಂಡಿನೋವು ಅಂದಿರಿ, ಕಮೋಡಿನ ಪಕ್ಕ ಗೋಡೆಗೆ ಒಂದು ಹಿಡಿ ಹಾಕಿಸಿ. ಬಾಗಿಲು ಎರಡೂವರೆ ಅಡಿ ಇರಲಿ. ಈಶಾನ್ಯದ ಮೂಲೆಯಲ್ಲಿ ಮಾತ್ರ ಬೇಡ. ನಾನು ವಾಸ್ತು ನಂಬುವವನಲ್ಲ, ಆದರೆ ಮನೆ ಕೊಳ್ಳುವವರಲ್ಲಿ ಹೆಚ್ಚಿನವರು ನಂಬುತ್ತಾರೆ. ಈಶಾನ್ಯದಲ್ಲಿ ಟಾಯ್ಲೆಟ್ ಕಂಡರೆ ಬಾಗಿಲಿನಿಂದಲೇ ವಾಪಸ್ ಹೋಗುತ್ತಾರೆ.

ಮೇಲಿನ ಮನೆಯ ಮಾತು ಈಗ ಬಿಡಿ. ಐದು ಚದರ ಎತ್ತಿದರೂ ಹತ್ತು ಲಕ್ಷ ದಾಟುತ್ತದೆ. ತುಕ್ಕು ಹಿಡಿದ ಮೋಲ್ಡ್, ಅಲ್ಲಾಡುವ ಗೋಡೆಯ ಮೇಲೆ ಅದನ್ನು ಹೇರುವ ಮೊದಲು ಪಾಯದ ಪಕ್ಕ ಗುಂಡಿ ತೆಗೆದು ಎಷ್ಟು ಆಳ, ಎಷ್ಟು ಅಗಲ ಇದೆ ನೋಡಬೇಕು. ಮಹಾನಗರ ಪಾಲಿಕೆಯಿಂದ ನಕ್ಷೆ ಮಂಜೂರಾಗದೆ ಕಟ್ಟಿದರೆ ಆ ಮಹಡಿಗೆ ನಾವು ರಿಪೋರ್ಟಿನಲ್ಲಿ ಬೆಲೆ ಹಾಕುವುದಿಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಖಾತೆ ಯಾರ ಹೆಸರಲ್ಲಿದೆ?

ದುರ್ಗದ ಗಾಳಿ:

ನಾವು ಚಿತ್ರದುರ್ಗದವರು, ತುರುವನೂರು ರಸ್ತೆ ಕಡೆ ಇದ್ದೇವೆ. ಹಳೇ ಟೇಪು ಅವರು ನೀರಿನ ಬಗ್ಗೆ ಏನೂ ಹೇಳಲಿಲ್ಲ, ನಾನು ಹೇಳುತ್ತೇನೆ ಅಕ್ಕ. ನೀರಿಗೆ ಪರದಾಡಿದವರ ಮಾತು ಇದು.

ನಮ್ಮ ಕಡೆ ಮನೆ ನೋಡಲು ಬಂದವರ ಮೊದಲ ಪ್ರಶ್ನೆಯೇ "ಸಂಪು ಎಷ್ಟು ಲೀಟರ್?" ನಿಮ್ಮದು ತೀರಾ ಸಣ್ಣದಾಯಿತು. ಎಂಟು ಅಡಿ ಉದ್ದ, ಆರು ಅಡಿ ಅಗಲ, ಐದು ಅಡಿ ಆಳ ತೆಗೆಸಿದರೆ ಹೆಚ್ಚು ಕಡಿಮೆ 6,800 ಲೀಟರ್ ಹಿಡಿಯುತ್ತದೆ. ಒಂದು ಟ್ಯಾಂಕರ್ ಪೂರ್ತಿ ಖಾಲಿ ಮಾಡಿಸಿಕೊಳ್ಳಬಹುದು, ಅರ್ಧ ನೀರಿಗೆ ಪೂರ್ತಿ ದುಡ್ಡು ಕೊಡುವ ಕರ್ಮ ತಪ್ಪುತ್ತದೆ. ಮುಂದೆ ಕಾರು ನಿಲ್ಲಿಸುವ ಜಾಗದ ಕೆಳಗೆ ಬಂದರೆ ಮೇಲಿನ ಮೋಲ್ಡ್ ಕಾರಿನ ತೂಕ ತಡೆಯುವ ಹಾಗೆ ಇರಬೇಕು, ಮೇಸ್ತ್ರಿಗೆ ಮೊದಲೇ ಹೇಳಿ.

ಹೇಗಿದ್ದರೂ ತಾರಸಿ ವಾಟ ಸರಿ ಮಾಡಿಸುತ್ತೀರಿ. ಆ ಪೈಪನ್ನು ಚರಂಡಿಗೆ ಬಿಡಬೇಡಿ, ಒಂದು ಫಿಲ್ಟರ್ ಇಟ್ಟು ಸಂಪಿಗೆ ತಿರುಗಿಸಿ. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ಒಂದು ವಾಲ್ವ್ ಸಾಕು. ಎಂಟು ಚದರದ ತಾರಸಿ ಅಂದರೆ ಸುಮಾರು 74 ಚದರ ಮೀಟರ್. ಒಂದು ರಾತ್ರಿ 50 ಮಿಲಿಮೀಟರ್ ಮಳೆ ಹೊಡೆದರೆ ಲೆಕ್ಕಕ್ಕೆ 3,700 ಲೀಟರ್. ಪೋಲಾಗುವುದು ಬಿಟ್ಟರೂ ಮೂರು ಸಾವಿರ ಸಿಗುತ್ತದೆ. ದಾವಣಗೆರೆಯವರಿಗೆ ಭದ್ರಾ ಕಾಲುವೆ ಇದೆ, ಕುಂದವಾಡ ಕೆರೆ ಇದೆ, ಹರಿಹರದ ಹತ್ತಿರ ಹೊಳೆ ಇದೆ. ನಿಮಗೆ ಇದು ಸಣ್ಣದಾಗಿ ಕಾಣಬಹುದು. ನಮ್ಮೂರಲ್ಲಿ ಬೋರಿನ ನೀರು ಕುಡಿಯಲು ಹೆದರಿಕೆ, ಫ್ಲೋರೈಡ್. ಟೈಲ್ಸ್ ಮೇಲೆ, ನಲ್ಲಿ ಬಾಯಲ್ಲಿ ಬಿಳಿ ಕಲೆ ಕೂರುತ್ತದೆ. ಹೊಸ ಬಾತ್‌ರೂಮಿಗೆ ಕಪ್ಪು ಟೈಲ್ಸ್ ಮಾತ್ರ ಹಾಕಿಸಬೇಡಿ, ಬೋರಿನ ನೀರಾದರೆ ದಿನಾ ಉಜ್ಜಬೇಕು.

ಹಳೇ ಜಿಐ (ಕಬ್ಬಿಣದ) ಪೈಪು ಇದ್ದರೆ ಟಾಯ್ಲೆಟ್ ಕೆಲಸದ ಜೊತೆಗೇ ಕಿತ್ತು ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿ. ಗೋಡೆ ಎರಡು ಸಲ ಒಡೆಸುವುದು ಬೇಡ.

ಕೌಂಟರ್ ನಂ. 3:

ಬ್ಯಾಂಕಿನಲ್ಲಿ ಇರುವವನು. ದುಡ್ಡಿನ ಬಗ್ಗೆ ಎರಡು ಮಾತು.

ಪರ್ಸನಲ್ ಲೋನ್ ಮಾಡಬೇಡಿ, ಬಡ್ಡಿ ಜಾಸ್ತಿ. ಮನೆ ರಿಪೇರಿ ಸಾಲ ಕೇಳಿ. ಅದಕ್ಕೆ ಇಂಜಿನಿಯರ್ ಸಹಿ ಮಾಡಿದ ಎಸ್ಟಿಮೇಟ್ ಬೇಕು, ಕಂದಾಯ ಕಟ್ಟಿದ ರಸೀದಿ ಬೇಕು. ತೆರಿಗೆ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ನಾವೇ ವಾಸ ಇರುವ ಮನೆಯ ರಿಪೇರಿ ಸಾಲದ ಬಡ್ಡಿಗೆ ಹಳೇ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30 ಸಾವಿರದವರೆಗೆ ಮಾತ್ರ ವಿನಾಯಿತಿ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಆದರೆ ಬಿಲ್ಲುಗಳನ್ನು ಜೋಪಾನ ಮಾಡಿ. ಮನೆ ಮಾರಿದಾಗ ಲಾಭದ ಮೇಲೆ ತೆರಿಗೆ ಬರುತ್ತದೆ. ಹೊಸ ಟಾಯ್ಲೆಟ್, ಹೊಸ ಸಂಪು ಇಂಥ ಹೆಚ್ಚುವರಿ ಕೆಲಸದ ಖರ್ಚನ್ನು ಆ ಲಾಭದಲ್ಲಿ ಕಳೆಯಬಹುದು. ಬಣ್ಣ, ಸಣ್ಣಪುಟ್ಟ ರಿಪೇರಿ ಕಳೆಯಲು ಬರುವುದಿಲ್ಲ. ನಿಮ್ಮ ಮನೆ 2001ರ ಏಪ್ರಿಲ್ 1ಕ್ಕಿಂತ ಹಳೆಯದು, ಹಾಗಾಗಿ ಆ ದಿನದ ಮಾರುಕಟ್ಟೆ ಬೆಲೆಯನ್ನು ಅಸಲು ಅಂತ ಹಿಡಿಯಲು ಅವಕಾಶ ಇದೆ. 2024ರ ಜುಲೈ 23ಕ್ಕಿಂತ ಮೊದಲು ಕೈಗೆ ಬಂದ ಆಸ್ತಿಯಾದರೆ ನೂರಕ್ಕೆ ಹನ್ನೆರಡೂವರೆ ಕಟ್ಟುವುದೋ, ಹಣದುಬ್ಬರದ ಲೆಕ್ಕ ಹಾಕಿ ನೂರಕ್ಕೆ ಇಪ್ಪತ್ತು ಕಟ್ಟುವುದೋ, ಯಾವುದು ಕಮ್ಮಿಯೋ ಅದನ್ನು ಆರಿಸಬಹುದು. ಮಾರುವ ಮೊದಲು ಆಡಿಟರ್ ಹತ್ತಿರ ಒಮ್ಮೆ ಕೂತುಕೊಳ್ಳಿ.

ಸೋಲಾರ್ ಬಗ್ಗೆ ಯಾರೂ ಹೇಳಲಿಲ್ಲ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78 ಸಾವಿರ ಸಬ್ಸಿಡಿ ಇದೆ, ನಿಜ. ಆದರೆ ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ಲು ಬರುತ್ತಿದ್ದರೆ ಉಳಿಸುವುದು ಯಾವುದನ್ನು? ತಾರಸಿ ರಿಪೇರಿ ಆಗದೆ ಅದರ ಮೇಲೆ ಸ್ಟ್ಯಾಂಡಿಗೆ ತೂತು ಕೊರೆಸುವುದಂತೂ ಬೇಡ.

ವಿನೋಬನಗರ ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ಹಳೇ ಟೇಪು ಸರ್ ಬರೆದದ್ದನ್ನು ನಮ್ಮವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪಿಒಪಿ ಭಾಗ ಬಂದಾಗ ಎದ್ದು ಹೋಗಿ ಟಿವಿ ಹಾಕಿದರು. ಅಂದರೆ ಒಪ್ಪಿದ ಹಾಗೇ.

ಖಾತೆ ಇನ್ನೂ ಮಾವನವರ ಹೆಸರಲ್ಲೇ ಇದೆ. ಅವರು ತೀರಿಕೊಂಡು ಆರು ವರ್ಷ ಆಯಿತು, ಅತ್ತೆಯವರೂ ಇಲ್ಲ. ನನಗೆ ಇಬ್ಬರು ನಾದಿನಿಯರು, ಒಬ್ಬರು ಹರಿಹರ, ಇನ್ನೊಬ್ಬರು ರಾಣೆಬೆನ್ನೂರು. ಜಗಳ ಏನೂ ಇಲ್ಲ. ಹಬ್ಬಕ್ಕೆ ಬರುತ್ತಾರೆ, ಹೋಗುತ್ತಾರೆ. "ಮನೆ ಅಣ್ಣಂದೇ" ಅಂತ ಬಾಯಲ್ಲಿ ಹೇಳಿದ್ದಾರೆ. ಕಾಗದದ ಮೇಲೆ ಏನೂ ಆಗಿಲ್ಲ. ಕಂದಾಯ ನಾವೇ ಕಟ್ಟುತ್ತಾ ಇದ್ದೇವೆ.

ನಿನ್ನೆ ಒಬ್ಬ ಮೇಸ್ತ್ರಿಯನ್ನು ಕರೆಸಿದ್ದೆ. ಸುತ್ತ ನೋಡಿ, "ಅಮ್ಮಾ, ಎಲ್ಲಾ ಸೇರಿ ಏಳೂವರೆಗೆ ಮಾಡಿಕೊಡ್ತೀನಿ, ಸಾಮಾನು ನಮ್ಮದೇ" ಅಂದರು. ಒಂದು ಚೀಟಿಯಲ್ಲಿ ಮೋಲ್ಡ್, ಟಾಯ್ಲೆಟ್, ವೈರಿಂಗ್, ಸಂಪು ಅಂತ ನಾಲ್ಕು ಹೆಸರು ಬರೆದು ಕೆಳಗೆ ಮೊತ್ತ ಹಾಕಿದ್ದಾರೆ, ಅಷ್ಟೇ. ಮೂರು ಲಕ್ಷ ಅಡ್ವಾನ್ಸ್ ಕೇಳಿದರು. ಇದು ಸರಿ ಇದೆಯಾ?

ಆಮೇಲೆ ಹಾಲಿನ ನೆಲಕ್ಕೂ ಟೈಲ್ಸ್ ಹಾಕಿಬಿಡೋಣ ಅಂದರು. ನಾವು ಮದುವೆಯಾಗಿ ಬಂದಾಗ ಆ ರೆಡ್ ಆಕ್ಸೈಡ್‌ನಲ್ಲಿ ಮುಖ ಕಾಣುತ್ತಿತ್ತು. ಈಗ ಬಾಗಿಲ ಹತ್ತಿರ ಮಾತ್ರ ಮಾಸಿದೆ. ತೆಗೆಸಬೇಕಾ?

ಹಳೇ ಟೇಪು:

ಮೇಡಂ, ಮೇಸ್ತ್ರಿಗೆ ಒಂದು ರೂಪಾಯಿ ಕೊಡುವ ಮೊದಲು ನಾದಿನಿಯರನ್ನು ಊಟಕ್ಕೆ ಕರೆಯಿರಿ.

ಮಾವನವರು ವಿಲ್ ಬರೆಯದೆ ಹೋಗಿದ್ದರೆ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಈಗ ಬಾಯಲ್ಲಿ ಹೇಳುತ್ತಾರೆ, ಒಳ್ಳೆಯವರು. ಆದರೆ ನೀವು ಒಂಬತ್ತು ಲಕ್ಷ ಹಾಕಿ, ನಾಲ್ಕು ವರ್ಷ ಬಿಟ್ಟು ಮಾರಲು ಹೋದಾಗ ಅವರ ಮಕ್ಕಳು, ಅಳಿಯಂದಿರು ಎಲ್ಲ ಸೇರಿರುತ್ತಾರೆ. ನಿಮ್ಮ ಯಜಮಾನರ ಹೆಸರಿಗೆ ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲಿ. ಪಾಲು ಬೇಕು ಅಂದರೆ ಎಷ್ಟು ಅಂತ ಈಗಲೇ ಮಾತಾಡಿ. ಅವರು ಪಾಲು ಕೇಳುವುದು ತಪ್ಪಲ್ಲ. ಆಗ ನಿಮ್ಮ ಒಂಬತ್ತು ಲಕ್ಷದ ಲೆಕ್ಕವೇ ಬೇರೆ ಆಗುತ್ತದೆ, ಅಷ್ಟೇ.

ಅದಾದ ಮೇಲೆ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಪಾಲಿಕೆಯಲ್ಲಿ ಖಾತೆ ಬದಲಾವಣೆ, ಅಲ್ಲಿಂದ ಇ-ಖಾತೆ, ಅಂದರೆ ಕಂಪ್ಯೂಟರಿನ ಖಾತೆ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ಮಾರಾಟದ ನೋಂದಣಿಯೇ ಆಗುವುದಿಲ್ಲ. ಮಾರುವ ವರ್ಷ ಓಡಾಡುವುದಕ್ಕಿಂತ ಈಗ ಓಡಾಡಿ. ನಿಮ್ಮ ಮನೆಗೆ ಅತಿ ಹೆಚ್ಚು ಬೆಲೆ ಸೇರಿಸುವ ಕೆಲಸ ಇದೇ, ಇದಕ್ಕೆ ಸಿಮೆಂಟೂ ಬೇಡ. ಕೌಂಟರ್ ನಂ. 3 ಅವರು ಹೇಳಿದ ಸಾಲವೂ ಖಾತೆ ಸರಿಯಾಗದೆ ಸಿಗುವುದು ಕಷ್ಟ.

ಇನ್ನು ಮೇಸ್ತ್ರಿಯ ಚೀಟಿ. ಅದು ಎಸ್ಟಿಮೇಟ್ ಅಲ್ಲ. ಅವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ, ನಮ್ಮ ಕಡೆ ಬಹಳ ಜನ ಹೀಗೇ ಬರೆಯುವುದು. ಆದರೆ ಜಗಳ ಹುಟ್ಟುವುದೂ ಅಲ್ಲಿಂದಲೇ. ಒಂದೊಂದು ಕೆಲಸವನ್ನೂ ಅಳತೆ ಹಾಕಿ ಬರೆಸಿ. ಉದಾಹರಣೆಗೆ ಮೋಲ್ಡ್ ರಿಪೇರಿ: ಎಷ್ಟು ಚದರಡಿ ಕೆತ್ತುತ್ತಾರೆ, ಚದರಡಿಗೆ ಎಷ್ಟು, ಯಾವ ಕಂಪನಿಯ ಕೆಮಿಕಲ್. ಕೆತ್ತಿದ ಮೇಲೆ ಅಂದುಕೊಂಡದ್ದಕ್ಕಿಂತ ಜಾಸ್ತಿ ಹಾಳಾಗಿದೆ ಅಂತ ಗೊತ್ತಾದರೆ ಅದೇ ರೇಟಿನಲ್ಲಿ ಮುಂದುವರಿಸಬೇಕು, ಅದನ್ನೂ ಬರೆಸಿ. ಹಳೇ ಮನೆಯಲ್ಲಿ ಹಾಗೆ ಆಗಿಯೇ ಆಗುತ್ತದೆ. ಅದಕ್ಕೇ ಒಂಬತ್ತರಲ್ಲಿ ಒಂದೂವರೆ ಲಕ್ಷವನ್ನು ಬೇರೆ ಬ್ಯಾಂಕ್ ಖಾತೆಯಲ್ಲಿ ಇಟ್ಟು ಮರೆತುಬಿಡಿ. ಕೆತ್ತಿದ ಕಲ್ಲು ಮಣ್ಣು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಯಾರದು? ಚೀಟಿಯಲ್ಲಿ ಇಲ್ಲದಿದ್ದರೆ ನಿಮ್ಮದೇ ಅಂತ ತಿಳಿಯಿರಿ.

ವೈರು, ಎಂಸಿಬಿ, ಪೈಪು, ಕಮೋಡು, ನಲ್ಲಿಗಳನ್ನು ನೀವೇ ಮಂಡಿಪೇಟೆ ಕಡೆ ಹೋಗಿ ಬಿಲ್ ಸಮೇತ ತನ್ನಿ. ಸಿಮೆಂಟು, ಎಂ-ಸ್ಯಾಂಡ್, ಇಟ್ಟಿಗೆ ಅವರೇ ತರಲಿ. ಮೂರು ಲಕ್ಷ ಅಡ್ವಾನ್ಸ್ ಬೇಡ. ಶುರುವಿಗೆ ಐವತ್ತು ಸಾವಿರ, ಆಮೇಲೆ ಕೆಲಸ ಮುಗಿದಷ್ಟಕ್ಕೆ ಶನಿವಾರ ಶನಿವಾರ. ಕೂಲಿಯವರಿಗೆ ವಾರದ ಬಟವಾಡೆ ಇರುತ್ತದೆ, ಅದನ್ನು ತಡ ಮಾಡಬೇಡಿ, ಹುಡುಗರು ಬೇರೆ ಸೈಟಿಗೆ ಹೋಗಿಬಿಡುತ್ತಾರೆ. ಕೊನೆಗೆ ನೂರಕ್ಕೆ ಹತ್ತು ಉಳಿಸಿಕೊಳ್ಳಿ, ಒಂದು ಮಳೆ ನೋಡಿ ಕೊಡಿ.

ಕೆಲಸದ ಕ್ರಮ ಮುಖ್ಯ. ಕಾಗದಪತ್ರ ಮಳೆಗಾಲದಲ್ಲಿ ಮುಗಿಸಿ, ದೀಪಾವಳಿ ಆದ ಮೇಲೆ ತಾರಸಿ ಹತ್ತಿ. ಮೋಲ್ಡ್ ಆದ ಮೇಲೆ ಟಾಯ್ಲೆಟ್ ಮತ್ತು ಪೈಪು, ಅದರ ಜೊತೆಗೇ ವೈರಿಂಗ್ ಗೋಡೆ ಕೊರೆಯುವುದು. ಬಣ್ಣ ಎಲ್ಲಕ್ಕಿಂತ ಕೊನೆಗೆ. ಟಾಯ್ಲೆಟ್ ಕೆಲಸ ನಡೆಯುವಾಗ ಹಿತ್ತಲದ್ದನ್ನು ಒಡೆಸಬೇಡಿ, ಹೊಸದರಲ್ಲಿ ನೀರು ಓಡಿದ ಮೇಲೂ ಅದು ಇರಲಿ. ಮುಂದೆ ಮೇಲೆ ಯಾರಾದರೂ ಮನೆ ಎತ್ತಿದರೆ ಬಾಡಿಗೆಯವರಿಗೆ ಬೇಕಾಗುತ್ತದೆ.

ರೆಡ್ ಆಕ್ಸೈಡ್ ತೆಗೆಸಬೇಡಿ. ಟೈಲ್ಸ್ ಹಾಕಬೇಕೆಂದರೆ ಅದನ್ನು ಕೆತ್ತಬೇಕು, ಇಲ್ಲಾ ಮೇಲೇ ಕೂರಿಸಿ ಬಾಗಿಲುಗಳ ಕೆಳಗೆ ಕತ್ತರಿಸಬೇಕು. ಎರಡೂ ದಂಡ ಖರ್ಚು. ಬಿರುಕಿಲ್ಲದ ರೆಡ್ ಆಕ್ಸೈಡ್ ನೆಲ ಮಾಡುವ ಗಾರೆಯವರು ಈಗ ಹುಡುಕಿದರೂ ಸಿಗುವುದು ಕಷ್ಟ, ಅಂಥದ್ದು ಇರುವ ಮನೆಯನ್ನು ಇಷ್ಟಪಟ್ಟು ಕೊಳ್ಳುವವರು ಇದ್ದಾರೆ. ಏಪ್ರಿಲ್ ತಿಂಗಳಲ್ಲಿ ಅದರ ಮೇಲೆ ಚಾಪೆ ಇಲ್ಲದೆ ಮಲಗಿ ನೋಡಿ, ನಿಮಗೇ ಗೊತ್ತಾಗುತ್ತದೆ. ಮಾಸಿದ ಜಾಗಕ್ಕೆ ಪಾಲಿಶ್ ಮಾಡಿಸಿ ಮೇಣ ಹಚ್ಚಿಸಿದರೆ ಸಾಕು. ರೂಮುಗಳ ಮೊಸಾಯಿಕ್ಕಿಗೂ ಮಷಿನ್ ಪಾಲಿಶ್ ಬರುತ್ತದೆ.

ಯಜಮಾನರಿಗೂ ಏನಾದರೂ ಕೊಡಬೇಕಲ್ಲ. ಅಡುಗೆಮನೆಯ ಕಡಪಾ ಕಟ್ಟೆಯ ಮೇಲೆ ಗ್ರಾನೈಟ್ ಹಾಕಿಸಿ, ಕೆಳಗೆ ಅಲ್ಯೂಮಿನಿಯಂ ಚೌಕಟ್ಟಿನ ಬಾಗಿಲು, ಪಾತ್ರೆಗೆ ಎರಡು ಸ್ಟೀಲ್ ಬುಟ್ಟಿ, ಕಿಟಕಿಗೆ ಒಂದು ಎಕ್ಸಾಸ್ಟ್ ಫ್ಯಾನ್. ಲಕ್ಷದೊಳಗೆ ಮುಗಿಯುತ್ತದೆ, ನೋಡಲು ಹೊಸ ಕಿಚನ್ನೇ. ಕಟ್ಟೆ ಎತ್ತರ ನಿಮ್ಮ ಅಳತೆಗೆ ಮಾಡಿಸಿ, ಮೇಸ್ತ್ರಿಯ ಅಳತೆಗೆ ಬೇಡ.

ಖಾಲಿದೋಸೆ:

ಸರ್, ನಮ್ಮ ನಿಟ್ಟುವಳ್ಳಿ ಮನೆಯಲ್ಲೂ ಅಂಥದ್ದೇ ಓರೆ ಬಿರುಕು ಇದೆ. ಪೆನ್ಸಿಲ್ ಗೆರೆ ಒಳಗಡೆ ಎಳೆಯಬೇಕಾ, ಹೊರಗಡೆನಾ?

ಹಳೇ ಟೇಪು:

ಎರಡೂ ಕಡೆ. ಒಳಗೆ ಮಾತ್ರ ಇದ್ದರೆ ಪ್ಲಾಸ್ಟರಿನದ್ದು ಇರಬಹುದು, ಎರಡೂ ಕಡೆ ಒಂದೇ ಜಾಗದಲ್ಲಿ ಕಂಡರೆ ಗೋಡೆಯದ್ದೇ. ಹೊರಗಿನದಕ್ಕೆ ಪೆನ್ಸಿಲ್ ಮಳೆಗೆ ಅಳಿಸುತ್ತದೆ, ಮೊಳೆಯಿಂದ ಗೀರಿ. ಎಫ್‌ಡಿ ಮುರಿಸುವ ಮೊದಲು ಗೆರೆ ಎಳೆಯಿರಿ.